ಗೊತ್ತಿರುವುದು ಹೆರಿಗೆ ಕೋಣೆಗೆ ತಲುಪುವ ದಾರಿ

(ದತ್ತಿ ಉಪನ್ಯಾಸದ ಬರಹರೂಪ)

ಆರೋಗ್ಯದ ಬಗ್ಗೆ ಮಾತಾಡಿ ಎಂದು ಕೇಳಿದ್ದೀರಿ. ವಿಷಯ ದೊಡ್ಡದು, ಹೊತ್ತು ಚಿಕ್ಕದು. ಎಲ್ಲವನ್ನೂ ಮುಟ್ಟಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ಅದಕ್ಕೇ ಒಂದೇ ಸಂಗತಿಯನ್ನು ಆರಿಸಿಕೊಂಡಿದ್ದೇನೆ: ಮಗು ಹುಟ್ಟಿದ ಮೇಲೆ ತಾಯಿಗೆ ಆಗುವ ಅತಿಯಾದ ರಕ್ತಸ್ರಾವ. ಅದನ್ನು ತಡೆಯುವುದು ಹೇಗೆ, ತಡೆಯಲಾಗದಿದ್ದರೆ ಏನು ಮಾಡಬೇಕು ಎಂಬುದರ ಬಗ್ಗೆ ವೈದ್ಯರಲ್ಲಿ ಈಗ ಹೇಳಿಕೊಳ್ಳುವಂಥ ತಕರಾರಿಲ್ಲ. ಬೇಕಾದ ಔಷಧಿಗಳು ದುಬಾರಿಯಲ್ಲ. ಅವನ್ನು ಕೊಡಲು ದೊಡ್ಡ ಸರ್ಜನ್ನರೇ ಬರಬೇಕಿಲ್ಲ. ಇಷ್ಟೆಲ್ಲ ಇದ್ದೂ ಬಾಣಂತಿಯರು ಸಾಯುತ್ತಾರೆ. ಗೊತ್ತಿರುವ ಒಳ್ಳೆಯ ಕೆಲಸ ನಡೆಯದೆ ಹೋಗುವುದು ಹೇಗೆ ಎಂದು ನೋಡಲು ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನ್ನ ವೃತ್ತಿಯಲ್ಲಿ ನನಗೆ ಸಿಕ್ಕಿಲ್ಲ.

ಒಳ್ಳೆಯ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿಯಿತು. ಸಣ್ಣ ಸಾಧನೆಯಲ್ಲ. ಆದರೆ ಅದೇ ಲೆಕ್ಕದಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳ ಪಂಕ್ತಿಯಲ್ಲಿ ನಮ್ಮದು ಕೊನೆಯ ಎಲೆ. ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಅವರನ್ನೇ ದೂರುವ ಕಾಲವೂ ಮುಗಿದಿದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರರಲ್ಲಿ 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರಲ್ಲಿ 97. ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿರುಗಿದರು, 108 ಗಾಡಿ ಬಂತು, ಮಡಿಲು ಕಿಟ್ ಬಂತು, ಬಸುರಿಯರು ಬಂದರು. ತಮ್ಮ ಪಾಲಿನ ಕೆಲಸ ಅವರು ಮಾಡಿದ್ದಾಯಿತು. ಬಾಗಿಲು ದಾಟಿದ ಮೇಲೆ ಒಳಗೆ ಏನಾಗುತ್ತದೆ ಎನ್ನುವುದು ನಮ್ಮ ಪಾಲಿನದು.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿದಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶದ ಸ್ನಾಯು ಬಿಗಿದು ಗಟ್ಟಿಯಾದರೆ ಅವು ಹಿಂಡಿದಂತಾಗಿ ಮುಚ್ಚಿಕೊಳ್ಳುತ್ತವೆ. ಬಿಗಿಯದೆ ಮೆತ್ತಗೆ ಉಳಿದರೆ ಗಂಟೆ ಕಳೆಯುವುದರೊಳಗೆ ತಾಯಿ ಕೈಬಿಟ್ಟು ಹೋಗಬಹುದು. ಮಗು ಹೊರಬಂದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುವುದು ಈ ಸ್ನಾಯು ಬಿಗಿಯಲಿ ಎಂದೇ. ಇದರ ಜೊತೆಗೆ ನಮ್ಮ ಹೆಂಗಸರ ಮೈಯಲ್ಲಿ ರಕ್ತವೇ ಕಡಿಮೆ: 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ. ಗಟ್ಟಿಮುಟ್ಟಾದವಳು ತಡೆದುಕೊಳ್ಳುವಷ್ಟು ರಕ್ತ ಹೋದರೆ ಇವಳು ತಡೆದುಕೊಳ್ಳುವುದಿಲ್ಲ.

ಎಷ್ಟು ಹೋಯಿತು ಎಂದು ತಿಳಿಯುವುದು ಹೇಗೆ? ನನ್ನ ತಲೆಮಾರಿನವರು ಕಲಿತದ್ದು ಕಣ್ಣಂದಾಜು. ಹಾಸಿದ ಬಟ್ಟೆ ಎಷ್ಟು ನೆನೆದಿದೆ, ಬಕೆಟ್ಟಿನಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟು ಬಿತ್ತು ಎಂದು ನೋಡಿ ಒಂದು ಅಂಕಿ ಹೇಳುವುದು. ಯಾವುದೇ ಹೆರಿಗೆ ರಿಜಿಸ್ಟರಿನಲ್ಲಿ ಆ ಕಾಲಂ ತೆಗೆದು ನೋಡಿ: 200 ಎಂಎಲ್, 200 ಎಂಎಲ್, 250 ಎಂಎಲ್, ಮತ್ತೆ 200 ಎಂಎಲ್, ಪುಟಗಟ್ಟಲೆ. ಪ್ರಕೃತಿಗೆ ಇಷ್ಟೊಂದು ಶಿಸ್ತಿಲ್ಲ.

ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇದಕ್ಕೊಂದು ಸಾಧನ ಮಾಡಿದರು. ತಾಯಿಯ ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿ ಆಲಿಕೆಯ ಆಕಾರದಲ್ಲಿ ಮಂಚದಿಂದ ಕೆಳಗೆ ಇಳಿಬಿದ್ದಿರುತ್ತದೆ, ಆ ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಅದರಲ್ಲಿ ಬಂದು ನಿಲ್ಲುತ್ತದೆ, ಗೆರೆ ನೋಡಿದರೆ ಆಯಿತು. ಕಣ್ಣಂದಾಜಿನ ಜೊತೆ ಹೋಲಿಸಿದಾಗ ಕಂಡದ್ದೇನೆಂದರೆ, ಕಣ್ಣು ಹೇಳುವ ಲೆಕ್ಕ ಚೀಲದ ಲೆಕ್ಕಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಆ ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಅದೇ ವರ್ಷ ಅದೇ ತಂಡ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆಸಿದ ಇನ್ನೊಂದು ಅಧ್ಯಯನವೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಫ್ರಿಜ್ಜು ಬೇಡದ, ಸೂಜಿ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಎಎನ್‌ಎಂ ಸಿಸ್ಟರುಗಳೇ ಕೊಟ್ಟಾಗ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2011ರಲ್ಲಿ.

ಮಾತ್ರೆ ಐದು ವರ್ಷಕ್ಕೆ ಪಟ್ಟಿ ಸೇರಿತು. ಚೀಲದ ಕಥೆ ಇನ್ನೂ ಉದ್ದ. ಗೆರೆ ಹಾಕಿದ ಚೀಲವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಸುಮಾರು 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದ ‘ಇ-ಮೋಟಿವ್’ ಎಂಬ ಅಧ್ಯಯನ ಪ್ರಕಟವಾದದ್ದು 2023ರ ಮೇ ತಿಂಗಳಲ್ಲಿ. ರಕ್ತದ ನಷ್ಟವನ್ನು ಇಂಥ ಚೀಲದಿಂದಲೇ ಅಳೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಅದೇ ವರ್ಷದ ಕೊನೆಗೆ. ಬೆಳಗಾವಿಯ ಮಂಚದಿಂದ ಜಿನೀವಾಕ್ಕೆ ಹೋಗಿ ಮಾರ್ಗಸೂಚಿಯಾಗಿ ಹಿಂದಿರುಗಲು 17 ವರ್ಷ ಹಿಡಿಯಿತು. ನಡುವೆ ಈ ಚೀಲ ಬಹುಮಟ್ಟಿಗೆ ಸಂಶೋಧನೆಯ ಉಪಕರಣವಾಗಿಯೇ ಉಳಿಯಿತು.

ಆ ಅಧ್ಯಯನದ ಒಂದು ವಿವರ ನನ್ನನ್ನು ಬಹಳ ಕಾಡಿದೆ. ಹೋಲಿಕೆಗೆ ಇಟ್ಟುಕೊಂಡ ಆಸ್ಪತ್ರೆಗಳಲ್ಲೂ ಚೀಲ ಇತ್ತು, ಗೆರೆ ಇರಲಿಲ್ಲ. ಅಲ್ಲಿ ಅತಿ ರಕ್ತಸ್ರಾವ ಆದ ಹೆಂಗಸರಲ್ಲಿ ಅರ್ಧದಷ್ಟು ಮಂದಿಯದು ಮಾತ್ರ ಸಿಬ್ಬಂದಿಯ ಗಮನಕ್ಕೆ ಬಂತು. ಗೆರೆ ಇದ್ದ ಕಡೆ ನೂರಕ್ಕೆ 93. ಗುರುತಿಸಿದ ಮೇಲೆ ಗರ್ಭಕೋಶವನ್ನು ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಎಂದು ಪರೀಕ್ಷಿಸಿ ಮೇಲಿನವರನ್ನು ಕರೆಯುವುದು, ಇಷ್ಟನ್ನೂ ಒಂದಾದ ಮೇಲೊಂದು ಕಾದು ನೋಡದೆ ಒಟ್ಟಿಗೆ ಮಾಡಬೇಕು ಎಂದು ಕಲಿಸಿದ್ದರು. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ. ಇಂಥ ಒಟ್ಟು ಚಿಕಿತ್ಸೆ ಸಿಕ್ಕಿದ್ದು ನೂರಕ್ಕೆ 91 ಮಂದಿಗೆ. ಇನ್ನೊಂದು ಕಡೆ 19 ಮಂದಿಗೆ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾದ ಸಾವು, ಇವೆಲ್ಲ ಸೇರಿ ನೂರಕ್ಕೆ 4.3 ಇದ್ದಲ್ಲಿ 1.6 ಆಯಿತು. ಇದರಲ್ಲಿ ಹೊಸ ಔಷಧಿ ಯಾವುದೂ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಎರಡೂ ಕಡೆಯ ನರ್ಸುಗಳಿಗೂ ಈ ಔಷಧಿಗಳ ಹೆಸರು ಗೊತ್ತಿತ್ತು.

ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಕೇಳಿಬರುವ ಮಾತು ಒಂದೇ: ಸಿಬ್ಬಂದಿಗೆ ತರಬೇತಿ ಸಾಲದು. ಕೂಡಲೇ ಎರಡು ದಿನದ ಶಿಬಿರ, ಒಂದು ಫೈಲು, ಊಟ, ಗುಂಪು ಫೋಟೋ. ತರಬೇತಿ ಬೇಡ ಎನ್ನುವವನಲ್ಲ ನಾನು. ಆದರೆ ತರಬೇತಿಯಿಂದ ಹಿಂದಿರುಗಿದ ಸಿಸ್ಟರ್ ಮರಳುವುದು ಅದೇ ಕೋಣೆಗೆ. ಆ ಕೋಣೆ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಉತ್ತರ ಕರ್ನಾಟಕದ ಒಂದು ತಾಲೂಕು ಆಸ್ಪತ್ರೆ. ಹೆಸರು ಬೇಡ, ನಿಮ್ಮ ತಾಲೂಕಿನದೇ ಎಂದುಕೊಳ್ಳಿ. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಬಿಸಿಲಿಗೆ ಅದರ ಕಸುವು ಹೋಗುತ್ತದೆ. ಆಸ್ಪತ್ರೆಯ ಫ್ರಿಜ್ಜು ಇದ್ದದ್ದು ಔಷಧಿ ಸ್ಟೋರಿನಲ್ಲಿ. ಸ್ಟೋರಿಗೆ ಸಂಜೆ ಬೀಗ. ಕೀಲಿ ಫಾರ್ಮಾಸಿಸ್ಟರ ಮನೆಯಲ್ಲಿ. ಅವರದೂ ತಪ್ಪಲ್ಲ, ಒಂದು ಆಂಪುಲ್ ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಇತ್ತ ಹೆರಿಗೆಗಳೋ ಹಗಲಿಗಿಂತ ರಾತ್ರಿಯೇ ಹೆಚ್ಚು ಎನ್ನುವಂತೆ ಬರುತ್ತಿದ್ದವು. ರಾತ್ರಿ ಪಾಳಿಯ ಸಿಸ್ಟರ್ ಏನು ಮಾಡುತ್ತಾರೆ? ಸಂಜೆಯೇ ಹತ್ತು ಆಂಪುಲ್ ಇಂಡೆಂಟ್ ಹಾಕಿ ತೆಗೆದುಕೊಂಡು ಹೆರಿಗೆ ಕೋಣೆಯ ಟ್ರೇಯಲ್ಲಿ ಇಡುತ್ತಾರೆ. ಏಪ್ರಿಲ್ ತಿಂಗಳಲ್ಲಿ ಆ ಕೋಣೆ ರಾತ್ರಿ ಹನ್ನೊಂದಕ್ಕೂ ಕುದಿಯುತ್ತಿರುತ್ತದೆ. ಔಷಧಿ ತಂಪಾಗಿರಬೇಕು ಎನ್ನುವುದು ಒಂದು ನಿಯಮ. ಮಗು ಹುಟ್ಟಿದ ನಿಮಿಷದೊಳಗೆ ಔಷಧಿ ಕೈಗೆ ಸಿಗಬೇಕು ಎನ್ನುವುದು ಇನ್ನೊಂದು. ಎರಡೂ ಒಳ್ಳೆಯ ನಿಯಮಗಳೇ, ಒಂದನ್ನು ಪಾಲಿಸಬೇಕಾದರೆ ಇನ್ನೊಂದನ್ನು ಮುರಿಯಬೇಕು.

ಅಲ್ಲಿದ್ದ ಹಿರಿಯ ಸಿಸ್ಟರೊಬ್ಬರು ಒಂದು ಉಪಾಯ ಮಾಡಿದರು. ಲಸಿಕೆ ಒಯ್ಯುವ ಡಬ್ಬಿಯೊಂದನ್ನು ಕೇಳಿ ತಂದು, ಐಸ್ ಪ್ಯಾಕ್ ಹಾಕಿ, ಆಂಪುಲ್‌ಗಳನ್ನು ಅರಿವೆಯಲ್ಲಿ ಸುತ್ತಿ ಅದರಲ್ಲಿಟ್ಟು ಮಂಚದ ಪಕ್ಕದಲ್ಲೇ ಇರಿಸಿಕೊಂಡರು. ತಪಾಸಣೆಗೆ ಬಂದ ಸಾಹೇಬರ ಕಣ್ಣಿಗೆ ಅದು ಬಿತ್ತು.

“ಏನ್ರೀ ಸಿಸ್ಟರ್, ಲಸಿಕೆ ಡಬ್ಬಿ ಇಲ್ಲ್ಯಾಕ ಬಂತು? ಇದು ಬ್ಯಾರೆ ಪ್ರೋಗ್ರಾಮಿಂದು.”

“ಇಂಜೆಕ್ಷನ್ ತಂಪಿರಬೇಕು ಅಂತ ಟ್ರೇನಿಂಗ್‌ನ್ಯಾಗ ಹೇಳಿದ್ರಲ್ರಿ ಸರ್.”

“ಹಂಗಂತ ಇದನ್ನ ತರೂದೇನು? ವಾಪಸ್ ಕೊಡ್ರಿ ಮೊದಲ.”

ಡಬ್ಬಿ ವಾಪಸ್ ಹೋಯಿತು. ಆಂಪುಲ್‌ಗಳು ಟ್ರೇಗೆ ಬಂದವು. ಸಾಹೇಬರು ಕೆಟ್ಟವರಲ್ಲ, ಲಸಿಕೆಯ ಡಬ್ಬಿಯಲ್ಲಿ ಲಸಿಕೆಯೇ ಇರಬೇಕು ಎನ್ನುವುದಕ್ಕೂ ಸರಿಯಾದ ಕಾರಣವಿದೆ. ಆದರೆ ಹಾಗಾದರೆ ಇದಕ್ಕೇನು ಮಾಡೋಣ ಎಂಬ ಪ್ರಶ್ನೆ ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಹೆರಿಗೆ ಕೋಣೆಗೆ ಸಣ್ಣ ಫ್ರಿಜ್ಜು ಬಂದದ್ದು ಬಹಳ ಕಾಲದ ಮೇಲೆ, ಅದೂ ಊರಿನ ವ್ಯಾಪಾರಿಯೊಬ್ಬರ ಮಗಳ ಹೆರಿಗೆ ಅಲ್ಲಿ ಆದ ಮೇಲೆ.

ಇದೇ ಆಕ್ಸಿಟೋಸಿನ್ ವಿಷಯದಲ್ಲಿ ದೇಶದ ಮಟ್ಟದಲ್ಲೂ ಒಂದು ಪ್ರಸಂಗ ನಡೆಯಿತು. ಹಾಲು ಸೊರೆಯಲೆಂದು ಹಸು ಎಮ್ಮೆಗಳಿಗೆ ಇದನ್ನು ಚುಚ್ಚುತ್ತಾರೆ ಎಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಇದನ್ನು ತಯಾರಿಸುವುದನ್ನೇ ನಿಷೇಧಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆ ಬಂದದ್ದು ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಮೇಲೆ. ಒಂದೇ ಕಾರ್ಖಾನೆಯನ್ನು ನಂಬಿ ಕೋಟ್ಯಂತರ ಹೆರಿಗೆಗಳು! ಪ್ರಸೂತಿ ತಜ್ಞರು ಗಾಬರಿಗೊಂಡರು, ವಿಷಯ ಕೋರ್ಟಿಗೆ ಹೋಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ದನಗಳ ಬಗೆಗಿನ ಕಾಳಜಿ ತಪ್ಪಲ್ಲ. ಆದೇಶ ಬರೆಯುವ ಮೇಜಿನ ಸುತ್ತ ಹೆರಿಗೆ ಕೋಣೆಯನ್ನು ನೆನೆಯುವವರ ದನಿ ಸಾಲದೆ ಹೋಯಿತು ಎಂಬುದಷ್ಟೇ ನನ್ನ ಆಕ್ಷೇಪ.

ಇನ್ನು ಅಧಿಕಾರದ ಮಾತು, ಅಂದರೆ ಔಷಧಿ ಶುರು ಮಾಡಲು ಯಾರ ಅಪ್ಪಣೆ ಬೇಕು ಎಂಬುದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿಯನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಗಂಡ ಶೋಸುಕೆ. ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು ಅದು ಉಪಯೋಗಕ್ಕೆ ಬರಬೇಕು ಎಂಬುದು ಉಟಾಕೊ ಅವರ ಆಸೆಯಾಗಿತ್ತು. ತಮ್ಮ ಊರಿನ ಪ್ರಸೂತಿ ವೈದ್ಯರನ್ನು ಪರೀಕ್ಷೆಗೆ ಒಪ್ಪಿಸಲು ಅವರಿಂದ ಆಗಲಿಲ್ಲ. ಕೊನೆಗೆ 21 ದೇಶಗಳ 20 ಸಾವಿರ ಹೆಂಗಸರ ಮೇಲೆ ನಡೆದ ಅಧ್ಯಯನ 2017ರಲ್ಲಿ ಅವರ ಮಾತನ್ನು ನಿಜ ಮಾಡಿತು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಉಟಾಕೊ 98ನೇ ವಯಸ್ಸಿನಲ್ಲಿ, 2016ರಲ್ಲೇ ತೀರಿಕೊಂಡಿದ್ದರು. ಈ ಔಷಧಿ ಕೊಡುವುದು ಕಾಲು ಗಂಟೆ ತಡವಾದಂತೆಲ್ಲ ಅದರ ಪ್ರಯೋಜನ ಹತ್ತರಲ್ಲಿ ಒಂದು ಪಾಲಿನಂತೆ ಕರಗುತ್ತ ಹೋಗುತ್ತದೆ. ಈಗ ನಮ್ಮ ಹೆರಿಗೆ ಕೋಣೆ ನೆನಪಿಸಿಕೊಳ್ಳಿ. ಸಿಸ್ಟರ್ ಕಣ್ಣೆದುರಿಗೆ ರಕ್ತ ಹೋಗುತ್ತಿದೆ. ಔಷಧಿ ಅಲ್ಲೇ ಇದೆ. “ಮೇಡಂಗೆ ಫೋನ್ ಮಾಡಿದೀನಿ, ಬರ್ತಿದಾರೆ.” ಮೇಡಂ ಕ್ವಾರ್ಟರ್ಸಿನಿಂದ ಬರಲು ಇಪ್ಪತ್ತು ನಿಮಿಷ. ಸಿಸ್ಟರ್ ತಾವೇ ಶುರು ಮಾಡಿ ಏನಾದರೂ ಹೆಚ್ಚುಕಡಿಮೆಯಾದರೆ “ಯಾರನ್ನ ಕೇಳಿ ಕೊಟ್ರಿ?” ಎಂಬ ಪ್ರಶ್ನೆ ಖಂಡಿತ. ಕೊಡದೆ ಕಾದು ತಾಯಿ ಸತ್ತರೆ ಆ ಪ್ರಶ್ನೆ ಬರುವುದಿಲ್ಲ, ಡಾಕ್ಟರನ್ನು ಕರೆದ ಸಮಯ ಕೇಸ್ ಶೀಟಿನಲ್ಲಿ ಬರೆದಿರುತ್ತದಲ್ಲ. ಕಾಯುವವಳನ್ನು ಕಾಪಾಡಿ ಕೈಹಾಕಿದವಳನ್ನು ದಂಡಿಸುವ ಏರ್ಪಾಡನ್ನು ನಾವೇ ಕಟ್ಟಿಟ್ಟುಕೊಂಡಿದ್ದೇವೆ. ಸಿಸ್ಟರ್ ಶುರು ಮಾಡಬಹುದು ಎಂದು ಒಂದು ಹಾಳೆಯಲ್ಲಿ ಬರೆದು, ಡಾಕ್ಟರು ಸಹಿ ಹಾಕಿ, ಗೋಡೆಗೆ ಅಂಟಿಸಿದರೆ ಇದರ ಅರ್ಧ ಭಯ ಹೋಗುತ್ತದೆ. ಖರ್ಚು ಒಂದು ಹಾಳೆ.

ಡಾಕ್ಟರಿಗೂ ಇದೇ ಭಯ ಬೇರೆ ರೂಪದಲ್ಲಿ ಇದೆ. ಸಾವು ತನ್ನ ಆಸ್ಪತ್ರೆಯಲ್ಲಿ ಆದರೆ ನೋಟಿಸು, ಅಮಾನತು, ಹೊರಗೆ ಗಲಾಟೆ, ಟಿವಿಯವರು. ದಾರಿಯಲ್ಲಿ ಆದರೆ ಯಾರ ಲೆಕ್ಕಕ್ಕೂ ಇಲ್ಲ. ಹಾಗಾಗಿ “ರೆಫರ್”. ಸಂಜೆ ಆರರ ಮೇಲೆ ತಾಲೂಕಿನಿಂದ ಜಿಲ್ಲೆಗೆ ಹೊರಡುವ ಆಂಬುಲೆನ್ಸುಗಳಲ್ಲಿ ಎಷ್ಟು ನಿಜವಾದ ಅಗತ್ಯ, ಎಷ್ಟು ಭಯ ಎಂದು ಬಿಡಿಸಿ ನೋಡುವ ಧೈರ್ಯ ಇಲಾಖೆಗೆ ಬರಬೇಕು. ಕೇರಳದ ಪ್ರಸೂತಿ ತಜ್ಞರ ಸಂಘ 2004ರಲ್ಲಿ ಬೇರೆ ದಾರಿ ಹಿಡಿಯಿತು. ತಾಯಂದಿರ ಪ್ರತಿ ಸಾವಿನ ಕಾಗದಪತ್ರಗಳಿಂದ ಆಸ್ಪತ್ರೆಯ, ವೈದ್ಯರ, ರೋಗಿಯ ಹೆಸರು ತೆಗೆದುಹಾಕಿ, ಏನಾಯಿತು ಎಂದು ಮಾತ್ರ ಪರಿಶೀಲಿಸುವುದು, ಕಂಡದ್ದನ್ನು ಎಲ್ಲರಿಗೂ ಕಲಿಸುವುದು. ಕೇರಳದ 19ಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅಲ್ಲಿ ಶಾಲೆ, ರಸ್ತೆ, ನರ್ಸುಗಳ ಸ್ಥಾನಮಾನ ಎಲ್ಲವೂ ಬೇರೆ. ಆದರೂ ತಪ್ಪನ್ನು ಹೇಳಿಕೊಂಡವನಿಗೆ ಶಿಕ್ಷೆ ಇಲ್ಲ ಎಂಬ ಖಾತ್ರಿ ಸಿಕ್ಕರೆ ಎಷ್ಟು ಸಂಗತಿಗಳು ಹೊರಬರುತ್ತವೆ ಎಂಬುದನ್ನು ಅವರು ತೋರಿಸಿದ್ದಾರೆ. ನಮ್ಮಲ್ಲೂ ಜಿಲ್ಲಾಧಿಕಾರಿಗಳ ಮಟ್ಟದವರೆಗೆ ಸಾವಿನ ಪರಿಶೀಲನೆ ಇದೆ. ಅಲ್ಲಿಗೆ ಹೋಗುವ ಸಿಬ್ಬಂದಿಯ ಮುಖ ನೋಡಿದವರಿಗೆ ಅದು ಪಾಠವೋ ವಿಚಾರಣೆಯೋ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲವನ್ನೂ ಒಂದು ಪಟ್ಟಿ ಮಾಡಿ ಟಿಕ್ ಹಾಕಿಸಿದರೆ ಆಗುವುದಿಲ್ಲವೇ? ಆ ಪ್ರಯತ್ನವೂ ನಡೆದಿದೆ. ಸುರಕ್ಷಿತ ಹೆರಿಗೆಗೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿಯನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕದ ತಾಲೂಕು ಮಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ. 29 ಮುಖ್ಯ ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25. ಎಲ್ಲರಿಗೂ ಹಿಗ್ಗು. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ದೊಡ್ಡ ಪರೀಕ್ಷೆ ಮಾಡಿದರು. ನರ್ಸುಗಳ ಪಕ್ಕದಲ್ಲೇ ನಿಂತು ಹುರಿದುಂಬಿಸುವವರನ್ನು ಎಂಟು ತಿಂಗಳು ಕಳಿಸಿದರು. 2017ರಲ್ಲಿ ಬಂದ ಫಲಿತಾಂಶ: ಶುರುವಾದ ಎರಡು ತಿಂಗಳಿಗೆ ನೂರಕ್ಕೆ 73ರಷ್ಟು ಕೆಲಸಗಳು ಸರಿಯಾಗಿ ನಡೆಯುತ್ತಿದ್ದವು, ಪಟ್ಟಿ ಇಲ್ಲದ ಆಸ್ಪತ್ರೆಗಳಲ್ಲಿ 42. ಹುರಿದುಂಬಿಸುವವರು ಹೋದ ಮೇಲೆ 73 ಇದ್ದದ್ದು 62ಕ್ಕೆ ಇಳಿಯಿತು. ಸಾವು ಮತ್ತು ಗಂಭೀರ ತೊಂದರೆಗಳೋ ಒಂದು ಕಡೆ ನೂರಕ್ಕೆ 15.1, ಇನ್ನೊಂದು ಕಡೆ 15.3. ಅಂದರೆ ವ್ಯತ್ಯಾಸವೇ ಇಲ್ಲ. ಇದನ್ನು ಪ್ರಾಮಾಣಿಕವಾಗಿ ಪ್ರಕಟಿಸಿದ ಸಂಶೋಧಕರಿಗೆ ನಮಸ್ಕಾರ. ನನ್ನ ತೀರ್ಮಾನ ಇದು: ಪಟ್ಟಿ ನೆನಪಿಸುತ್ತದೆ; ರಕ್ತ ಬೇಕಾದಾಗ ರಕ್ತ, ಸಿಸೇರಿಯನ್ ಬೇಕಾದಾಗ ಅರಿವಳಿಕೆ ವೈದ್ಯರು, ಇವನ್ನು ಪಟ್ಟಿ ತರುವುದಿಲ್ಲ.

ಒಳ್ಳೆಯ ಪದ್ಧತಿ ಎನ್ನುವುದು ಔಷಧಿಯಲ್ಲೇ ಇದೆ ಎಂದುಕೊಂಡರೆ ಅಪಾಯವೂ ಉಂಟು. ದಿನ ತುಂಬದೆ ಹುಟ್ಟಲಿರುವ ಮಗುವಿನ ಶ್ವಾಸಕೋಶ ಬಲಿಯಲಿ ಎಂದು ತಾಯಿಗೆ ಸ್ಟಿರಾಯ್ಡ್ ಕೊಡುವುದು ಶ್ರೀಮಂತ ದೇಶಗಳಲ್ಲಿ ಹಳೆಯ, ಗಟ್ಟಿ ಪದ್ಧತಿ. ಅದನ್ನು ಹಳ್ಳಿಗಳ ಮಟ್ಟಕ್ಕೆ ಹರಡಿ ನೋಡಿದ ಆರು ದೇಶಗಳ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ, ಔಷಧಿ ಹರಡಿದ ಕಡೆ ಸಾವಿರ ಮಕ್ಕಳಿಗೆ ಮೂರೂವರೆಯಷ್ಟು ಹೆಚ್ಚು ಶಿಶುಗಳು ಸತ್ತಿದ್ದವು. ಐದು ವರ್ಷದ ಮೇಲೆ, ಬಸಿರಿನ ವಾರಗಳನ್ನು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು, ಮಕ್ಕಳ ಆರೈಕೆಗೆ ಸೌಲಭ್ಯವಿದ್ದ ಆಸ್ಪತ್ರೆಗಳಲ್ಲಿ ಅದೇ ಔಷಧಿಯನ್ನು ಕೊಟ್ಟು ನೋಡಿದರು. ಆಗಲೂ ಬೆಳಗಾವಿ ಪಾಲುಗೊಂಡಿತ್ತು. ಈ ಸಲ ಸಾವುಗಳು ಸ್ಪಷ್ಟವಾಗಿ ಕಡಿಮೆಯಾದವು. ಇಂಜೆಕ್ಷನ್ ಅದೇ, ಅದರ ಸುತ್ತಲಿನ ಏರ್ಪಾಡು ಬೇರೆ. ಮೇಲಿನಿಂದ ಸುತ್ತೋಲೆ ಕಳಿಸಿ ಇಷ್ಟು ದಿನದೊಳಗೆ ಜಾರಿ ಮಾಡಿ ಎನ್ನುವವರು ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು.

ಇಲ್ಲಿ ಕೂತವರಲ್ಲಿ ವೈದ್ಯರು ಕಡಿಮೆ, ಊರಿನ ಹಿರಿಯರು, ಶಿಕ್ಷಕರು, ವರ್ತಕರು ಹೆಚ್ಚು. ನಿಮ್ಮಲ್ಲಿ ಕೆಲವರಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇರಬಹುದು, ಇರುವವರ ಪರಿಚಯವಂತೂ ಇದ್ದೇ ಇರುತ್ತದೆ. ಆ ಸಮಿತಿಯ ಕೈಯಲ್ಲಿ ಸ್ವಲ್ಪ ಹಣವಿರುತ್ತದೆ, ಅದು ಸುಣ್ಣಬಣ್ಣಕ್ಕೆ, ಬೋರ್ಡಿಗೆ, ಖುರ್ಚಿಗೆ ಹೋಗುತ್ತದೆ. ಮುಂದಿನ ಸಭೆಯಲ್ಲಿ ದಯವಿಟ್ಟು ಕೇಳಿ: ಹೆರಿಗೆ ಕೋಣೆಯ ಒಳಗೇ ಫ್ರಿಜ್ಜು ಇದೆಯೇ, ಕರೆಂಟು ಹೋದರೆ ಏನು? ರಕ್ತ ಅಳೆಯುವ ಗೆರೆಯ ಚೀಲ ಎಷ್ಟಿವೆ, ಬಳಸುತ್ತಾರೋ ಬೀರುವಿನಲ್ಲಿದೆಯೋ? ಡಾಕ್ಟರು ಬರುವ ಮೊದಲು ಯಾವ ಔಷಧಿ ಶುರು ಮಾಡಬಹುದು ಎಂದು ಸಿಸ್ಟರಿಗೆ ಬರೆದುಕೊಟ್ಟಿದ್ದಾರೆಯೇ? ರಾತ್ರಿ ರಕ್ತ ಬೇಕಾದರೆ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಮುಂದಿನ ಸಭೆಯಲ್ಲಿ ಅದೇ ಪುಟ ತೆರೆಸಿ ಮತ್ತೆ ಕೇಳಿ. ಆಸ್ಪತ್ರೆಗೆ ಏನಾದರೂ ಕೊಡಬೇಕು ಎಂದು ಮನಸ್ಸಿರುವವರು ಏನು ಕೊಡಬೇಕು ಎಂದು ರಾತ್ರಿ ಪಾಳಿಯ ಸಿಸ್ಟರನ್ನೇ ಕೇಳಿ ಕೊಡಿ.